ಸಿರಿಯ ಅಳತೆಯೂ ಊರಿನ ಗೆರೆಯೂ

ವಿದ್ಯುತ್ ಪ್ರವಾಹವನ್ನಳೆಯುವ ಅಮ್ಮೀಟರನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಹತ್ತು ಆಂಪಿಯರಿನವರೆಗೆ ಗುರುತು ಹಾಕಿದ ಒಂದು ಮಾಪಕದ ಮುಳ್ಳು ಕೊನೆಯ ಗೀಟನ್ನು ಮುಟ್ಟಿ ನಿಂತಿತೆನ್ನೋಣ. ಆಗ ಪ್ರವಾಹವು ಎಷ್ಟಿದೆಯೆಂದು ನಾವು ಹೇಳಲಾರೆವು. ಹತ್ತಕ್ಕೆ ಕಡಮೆಯಿಲ್ಲವೆಂದು ಮಾತ್ರ ಹೇಳಬಲ್ಲೆವು. ಹನ್ನೆರಡು ಆಂಪಿಯರು ಹರಿದರೂ ಮುಳ್ಳು ಅಲ್ಲಿಯೇ, ಹದಿನೈದು ಹರಿದರೂ ಅಲ್ಲಿಯೇ.

ಅಮೆರಿಕ ಸಂಯುಕ್ತ ಸಂಸ್ಥಾನದ ಜನಗಣತಿ ಇಲಾಖೆಯ ಬಳಿಯೂ ಇಂತಹುದೊಂದು ಮಾಪಕವುಂಟು. ಪ್ರತಿಯೊಂದು ಊರಿನಲ್ಲಿಯೂ ಮನೆವಾರು ವರಮಾನವೆಷ್ಟೆಂಬುದನ್ನು ಆ ಇಲಾಖೆಯು ಲೆಕ್ಕಹಾಕಿ ಪ್ರಕಟಿಸುತ್ತದೆ. ೨೦೨೦ರ ಸುಮಾರಿನ ಪಟ್ಟಿಗಳಲ್ಲಿ ಇಲಿನಾಯ್ ರಾಜ್ಯದ ಕೆನಿಲ್‌ವರ್ತ್, ವಿನೆಟ್ಕಾ ಎಂಬ ಊರುಗಳ ಎದುರಿಗೆ ನಿಶ್ಚಿತವಾದ ಸಂಖ್ಯೆಯೇ ಇಲ್ಲ. ‘ಎರಡೂವರೆ ಲಕ್ಷ ಡಾಲರಿಗೆ ಮೇಲ್ಪಟ್ಟು’ ಎಂದಷ್ಟೇ ಇದೆ. ಇಲಾಖೆಯ ಅಳತೆಪಟ್ಟಿ ಅಲ್ಲಿಗೆ ಮುಗಿಯಿತು. ೨೦೨೨ರಲ್ಲಿ ಇಡೀ ದೇಶದ ಲೆಕ್ಕದಲ್ಲಿ ಈ ಸಂಖ್ಯೆ ಸುಮಾರು ೭೫,೦೦೦ ಡಾಲರ್ ಆಗಿತ್ತೆಂಬುದನ್ನು ನೆನೆದರೆ, ಮುಳ್ಳನ್ನು ಕೊನೆಮುಟ್ಟಿಸಿದ ಈ ಊರುಗಳು ಎಂತಹವು, ಅವು ಹೀಗಾದುದಕ್ಕೆ ಕಾರಣವೇನು ಎಂಬ ಕುತೂಹಲವು ಹುಟ್ಟುವುದು ಸಹಜ. ಅದನ್ನು ಇಲ್ಲಿ ವಿವೇಚಿಸೋಣ.

ಸರೋವರದ ಉತ್ತರ ದಡ

ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ, ಮಿಚಿಗನ್ ಸರೋವರದ ನೈಋತ್ಯ ದಡದಲ್ಲಿ, ಷಿಕಾಗೊ ಮಹಾನಗರವಿದೆ. ಅಲ್ಲಿಂದ ಉತ್ತರಕ್ಕೆ ಸರೋವರದ ಅಂಚನ್ನೇ ಹಿಡಿದು ಹೋದರೆ ಇವಾನ್‌ಸ್ಟನ್, ವಿಲ್ಮೆಟ್, ಕೆನಿಲ್‌ವರ್ತ್, ವಿನೆಟ್ಕಾ, ಗ್ಲೆಂಕೋ, ಹೈಲೆಂಡ್ ಪಾರ್ಕ್, ಲೇಕ್ ಫಾರೆಸ್ಟ್ ಎಂಬ ಉಪನಗರಗಳು ಸಾಲಾಗಿ ಸಿಗುತ್ತವೆ. ಈ ಸಾಲಿಗೆ ಉತ್ತರ ದಡವೆಂದೇ ಹೆಸರು. ರಾಜ್ಯದ ಅತ್ಯಂತ ಸಿರಿವಂತ ಊರುಗಳನ್ನು ಹೆಸರಿಸುವವರು ಮೊದಲು ಬೆರಳು ತೋರುವುದು ಇಲ್ಲಿಗೆ.

ಈ ಸಿರಿಯ ಕಥೆಯ ಮೊದಲನೆಯ ಅಧ್ಯಾಯವನ್ನು ಬರೆದುದು ಹಿಮನದಿ. ಕೊನೆಯ ಹಿಮಯುಗದಲ್ಲಿ ಉತ್ತರದಿಂದ ಇಳಿದುಬಂದ ಮಂಜಿನ ಹಾಳೆಯು ಕರಗಿ ಹಿಂಜರಿಯುವಾಗ, ತಾನು ಉಜ್ಜಿ ತಂದ ಜೇಡಿ, ಮರಳು, ಕಲ್ಲುಗಳನ್ನು ದಿಬ್ಬಗಳಾಗಿ ಬಿಟ್ಟುಹೋಯಿತು. ವಿನೆಟ್ಕಾದಿಂದ ಉತ್ತರಕ್ಕೆ ಸರೋವರದ ಅಲೆಗಳು ಅಂತಹ ದಿಬ್ಬದ ಬದಿಯನ್ನು ಕೊರೆದು ಕಡಿದಾದ ದಂಡೆಯನ್ನು ಮಾಡಿವೆ. ಕೆಲವೆಡೆ ಅದು ೨೦ ಮೀಟರಿಗಿಂತಲೂ ಎತ್ತರವಾಗಿದೆ. ಮಳೆಯ ನೀರು ಕೊರೆದ ಕಂದರಗಳೂ ಅದರಲ್ಲಿ ಹಲವು ಇವೆ. ಷಿಕಾಗೊವಿನ ದಕ್ಷಿಣಕ್ಕಾದರೋ ನೆಲವು ಚಪ್ಪಟೆ. ಕ್ಯಾಲುಮೆಟ್ ನದಿಯ ಮುಖದಲ್ಲಿ ಹಡಗುಗಳು ತಂಗಲು ಅನುಕೂಲ. ಅದಿರು, ಕಲ್ಲಿದ್ದಲುಗಳು ಬಂದು ಸೇರಲು ತಕ್ಕ ಈ ಕಡೆಯಲ್ಲಿ ಉಕ್ಕಿನ ಕಾರ್ಖಾನೆಗಳೆದ್ದವು. ೧೯೦೬ರಲ್ಲಿ ನೆರೆಯ ಇಂಡಿಯಾನಾದಲ್ಲಿ ಗೇರಿ ಎಂಬ ನಗರವನ್ನೇ ಉಕ್ಕಿಗಾಗಿ ಕಟ್ಟಲಾಯಿತು. ಹೀಗೆ ಹೊಗೆಯು ದಕ್ಷಿಣದ ಪಾಲಿಗೂ ನೋಟವು ಉತ್ತರದ ಪಾಲಿಗೂ ಬಂದಿತು.

ಎರಡನೆಯ ಅಧ್ಯಾಯ ರೈಲಿನದು. ೧೮೫೫ರಲ್ಲಿ ಷಿಕಾಗೊವಿನಿಂದ ಉತ್ತರಕ್ಕೆ ರೈಲುಹಾದಿಯಾಯಿತು. ನಗರದಲ್ಲಿ ದುಡಿದು ಸಂಜೆಗೆ ಮರಗಳ ನಡುವಣ ಮನೆಯನ್ನು ಸೇರುವುದು ಅನುಕೂಲವಂತರಿಗೆ ಅಂದಿನಿಂದ ಸಾಧ್ಯವಾಯಿತು. ೧೮೫೭ರಲ್ಲಿ ಲೇಕ್ ಫಾರೆಸ್ಟಿನ ನಕ್ಷೆಯಾಯಿತು. ಷಿಕಾಗೊವಿನ ಬೀದಿಗಳು ಚದುರಂಗದ ಮನೆಗಳಂತೆ ನೇರವಾಗಿದ್ದರೆ, ಇಲ್ಲಿಯ ಬೀದಿಗಳನ್ನು ಕಂದರಗಳ ಓರೆಕೋರೆಗೆ ತಕ್ಕಂತೆ ಬಳುಕಿಸಿ ಎಳೆದರು. ವಿನೆಟ್ಕಾ, ಗ್ಲೆಂಕೋಗಳು ೧೮೬೯ರಲ್ಲಿ ಸ್ವತಂತ್ರ ಗ್ರಾಮಗಳಾದುವು.

ಅಳತೆಯ ತೊಡಕು

ಇನ್ನು ಸಿರಿಯನ್ನು ಅಳೆಯುವ ಬಗೆಯನ್ನು ನೋಡೋಣ. ಒಂದು ಬೀದಿಯಲ್ಲಿ ಐದು ಮನೆಗಳಿವೆಯೆಂದೂ, ಅವುಗಳ ವಾರ್ಷಿಕ ವರಮಾನವು ಕ್ರಮವಾಗಿ ೪೦, ೫೦, ೬೦, ೭೦, ೮೦ ಸಾವಿರ ಡಾಲರ್ ಎಂದೂ ಭಾವಿಸೋಣ. ಸರಾಸರಿ ೬೦ ಸಾವಿರ. ಐದನೆಯವನು ಮನೆ ಮಾರಿ ಹೋಗಿ, ಅಲ್ಲಿಗೆ ಹತ್ತು ಲಕ್ಷದ ಎಂಬತ್ತು ಸಾವಿರ ವರಮಾನದವನೊಬ್ಬನು ಬಂದನೆಂದರೆ ಸರಾಸರಿಯು ೨,೬೦,೦೦೦ಕ್ಕೆ ನೆಗೆಯುತ್ತದೆ. ಉಳಿದ ನಾಲ್ವರಿಗೆ ಒಂದು ಕಾಸೂ ಹೆಚ್ಚಲಿಲ್ಲ. ಆ ಬೀದಿಯಲ್ಲಿ ೨,೬೦,೦೦೦ದ ಹತ್ತಿರ ವರಮಾನವುಳ್ಳವನು ಒಬ್ಬನೂ ಇಲ್ಲ! ಆದುದರಿಂದಲೇ ಗಣತಿಯವರು ಮಧ್ಯಾಂಕವನ್ನು ಮುಂದಿಡುತ್ತಾರೆ. ಮನೆಗಳನ್ನೆಲ್ಲ ವರಮಾನದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಮನೆಯ ವರಮಾನವೇ ಮಧ್ಯಾಂಕ. ನಮ್ಮ ಬೀದಿಯಲ್ಲಿ ಅದು ಮೊದಲೂ ೬೦ ಸಾವಿರ, ಆಮೇಲೂ ೬೦ ಸಾವಿರ. ಕೆನಿಲ್‌ವರ್ತಿನ ಮಧ್ಯಾಂಕವೇ ಎರಡೂವರೆ ಲಕ್ಷವನ್ನು ದಾಟಿದೆಯೆಂದರೆ, ಅಲ್ಲಿಯ ಮನೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಆ ಮಟ್ಟಕ್ಕೆ ಮೇಲಿವೆಯೆಂದು ತಿಳಿಯಬೇಕು.

ಆದರೂ ತೊಡಕು ಮುಗಿಯಲಿಲ್ಲ. ವರಮಾನವೆಂಬುದು ನಲ್ಲಿಯಿಂದ ಬೀಳುವ ನೀರು. ಸಂಪತ್ತೆಂಬುದು ತೊಟ್ಟಿಯಲ್ಲಿ ನಿಂತ ನೀರು. ನಲ್ಲಿಯ ರಭಸವನ್ನು ನೋಡಿ ತೊಟ್ಟಿಯ ಆಳವನ್ನು ಹೇಳಲಾಗದು. ದುಡಿಮೆಯಿಂದ ನಿವೃತ್ತನಾಗಿ ಸರೋವರದೆದುರಿನ ಸೌಧದಲ್ಲಿ ವಾಸಿಸುವ ಮುದುಕನ ವರಮಾನವು ಅಲ್ಪವಾಗಿರಬಹುದು, ಅವನನ್ನು ಬಡವನೆನ್ನಲಾದೀತೆ? ಅಲ್ಲದೆ, ಈ ಲೆಕ್ಕವು ಎಲ್ಲ ಮನೆಗಳನ್ನೂ ಕೇಳಿ ಮಾಡಿದುದಲ್ಲ. ಇಲಾಖೆಯು ದೇಶದಾದ್ಯಂತ ವರ್ಷಕ್ಕೆ ಸುಮಾರು ೩೫ ಲಕ್ಷ ವಿಳಾಸಗಳನ್ನು ಆರಿಸಿ ವಿಚಾರಿಸುತ್ತದೆ. ೬೫,೦೦೦ಕ್ಕೆ ಕಡಮೆ ಜನರಿರುವ ಊರುಗಳಿಗೆ ಒಂದು ವರ್ಷದ ಉತ್ತರಗಳು ಸಾಲವಾಗಿ, ಐದು ವರ್ಷಗಳವನ್ನು ಕೂಡಿಸಬೇಕಾಗುತ್ತದೆ. ಕೆನಿಲ್‌ವರ್ತಿನಲ್ಲಿರುವವರೇ ಸುಮಾರು ೨,೫೦೦ ಜನ. ವಿಚಾರಣೆಗೆ ಸಿಕ್ಕುವ ಮನೆಗಳು ಕೆಲವೇ. ಆದುದರಿಂದ ಇಂತಹ ಪಟ್ಟಿಗಳಲ್ಲಿ ಈ ವರ್ಷದ ಮೊದಲನೆಯ ಊರು ಮುಂದಿನ ವರ್ಷ ಮೂರನೆಯದಾದರೆ, ಅಲ್ಲಿ ಬದಲಾದುದು ಸಿರಿಯೋ ಅಳತೆಯ ದೋಷವೋ ಎಂದು ಸಂದೇಹಿಸಬೇಕು. ಸೌದೆ ತೂಗುವ ತಕ್ಕಡಿಯಲ್ಲಿ ಚಿನ್ನವನ್ನು ತೂಗಿದಂತೆ ಇದು.

ಗೆರೆ ಎಳೆದವರು

ಊರು ಚಿಕ್ಕದೆಂಬ ಮಾತಿನಲ್ಲಿಯೇ ನಮ್ಮ ವಿಷಯದ ಮರ್ಮವಿದೆ. ಷಿಕಾಗೊವಿನಲ್ಲಿಯೂ ಕೋಟ್ಯಧೀಶರು ಇರುವರು. ಆದರೆ ೨೭ ಲಕ್ಷಕ್ಕೂ ಮೀರಿದ ಜನಸಂಖ್ಯೆಯಲ್ಲಿ ಅವರು ಸಮುದ್ರದಲ್ಲಿ ಕರಗಿದ ಸಕ್ಕರೆಯಂತೆ. ಕೆನಿಲ್‌ವರ್ತನ್ನು ಷಿಕಾಗೊವಿಗೆ ಸೇರಿಸಿಬಿಟ್ಟರೆ ನಗರದ ಮಧ್ಯಾಂಕವು ಕದಲುವುದೇ ಇಲ್ಲ. ಕೆನಿಲ್‌ವರ್ತೆಂಬ ಹೆಸರು ಪಟ್ಟಿಯಿಂದ ಅಳಿಸಿಹೋಗುತ್ತದೆ, ಅಷ್ಟೆ. ಒಬ್ಬನ ವರಮಾನವೂ ಬದಲಾಗದೆ, ಬರಿಯ ಗೆರೆಯೊಂದನ್ನು ಅಳಿಸುವುದರಿಂದ ಸಿರಿವಂತ ಊರು ಮಾಯವಾಗುವುದೆಂದರೆ, ಆ ಊರನ್ನು ಸಿರಿವಂತವಾಗಿ ತೋರಿಸುವುದರಲ್ಲಿ ಗೆರೆಗೂ ಪಾಲುಂಟೆಂದಾಯಿತು. ಹಾಗಾದರೆ ಗೆರೆಯನ್ನು ಎಳೆದವರು ಯಾರು, ಹೇಗೆ ಎಳೆದರು ಎಂಬುದನ್ನು ವಿಚಾರಿಸಬೇಕು.

೧೮೮೯ನೆಯ ಇಸವಿಯಲ್ಲಿ ಷಿಕಾಗೊ ತನ್ನ ಸುತ್ತಣ ವಿಶಾಲ ಪ್ರದೇಶವನ್ನು ನುಂಗಿ ಒಮ್ಮೆಗೇ ಹಿಗ್ಗಿತು. ಅದೇ ವರ್ಷ ಜೋಸೆಫ್ ಸಿಯರ್ಸ್ ಎಂಬ ವರ್ತಕನು ಉತ್ತರ ದಡದಲ್ಲಿ ಕೆನಿಲ್‌ವರ್ತನ್ನು ಸ್ಥಾಪಿಸಿದನು. ನಿವೇಶನಗಳು ದೊಡ್ಡವಾಗಿರಬೇಕು, ಕಟ್ಟಡಗಳು ಉತ್ತಮ ದರ್ಜೆಯವಾಗಿರಬೇಕು, ಹಿತ್ತಿಲ ಓಣಿಗಳು ಇರಕೂಡದು ಎಂಬ ನಿಯಮಗಳೊಡನೆ, ಬಿಳಿಯರಿಗೆ ಮಾತ್ರ ಮಾರತಕ್ಕದ್ದೆಂಬ ನಿಯಮವೂ ಇದ್ದಿತು. ಮುಂದೆ ಇಂತಹ ಷರತ್ತುಗಳನ್ನು ಕ್ರಯಪತ್ರದಲ್ಲಿಯೇ ಬರೆಯುವುದು ಅಮೆರಿಕದ ಅನೇಕ ನಗರಗಳಲ್ಲಿ ರೂಢಿಯಾಯಿತು. ನ್ಯಾಯಾಲಯಗಳು ಇವನ್ನು ಜಾರಿಗೊಳಿಸಲಾಗದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದು ೧೯೪೮ರಲ್ಲಿ; ಮನೆ ಮಾರುವುದರಲ್ಲಿ ವರ್ಣಭೇದವನ್ನು ನಿಷೇಧಿಸುವ ಶಾಸನ ಬಂದುದು ೧೯೬೮ರಲ್ಲಿ.

ವರ್ಣವನ್ನು ಹೆಸರಿಸದೆಯೂ ಗೆರೆ ಎಳೆಯಬಹುದು. ಒಹಾಯೋ ರಾಜ್ಯದಲ್ಲಿ ಯೂಕ್ಲಿಡ್ ಎಂಬ ಉಪನಗರವಿದೆ. ಹಿಂದೆ ನೆಲವನ್ನಳೆದ ಭೂಮಾಪಕರು ರೇಖಾಗಣಿತದ ಆಚಾರ್ಯನ ಸ್ಮರಣೆಗಾಗಿ ಇಟ್ಟ ಹೆಸರಿದು. ಯಾವ ನೆಲದಲ್ಲಿ ಎಂತಹ ಕಟ್ಟಡವಿರಬೇಕೆಂದು ವಲಯಗಳನ್ನು ಗೊತ್ತುಮಾಡುವ ಅಧಿಕಾರವು ಊರಿಗುಂಟೆಂದು ೧೯೨೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಿದುದು ಈ ಊರಿನ ಮೊಕದ್ದಮೆಯಲ್ಲಿಯೇ. ಪ್ರತಿ ನಿವೇಶನವೂ ಇಷ್ಟು ವಿಸ್ತಾರವಿರಬೇಕು, ಅದರಲ್ಲಿ ಒಂದೇ ಕುಟುಂಬದ ಮನೆಯಿರಬೇಕು ಎಂದು ವಿಧಿಸಿದರೆ, ಅಲ್ಪ ಬಾಡಿಗೆಯ ಮನೆಗಳು ಏಳುವುದೇ ಇಲ್ಲ. ಉತ್ತರ ದಡಕ್ಕೆ ಸಮೀಪದ ಡೀರ್‌ಫೀಲ್ಡಿನಲ್ಲಿ ೧೯೫೯ರಲ್ಲಿ ನಡೆದುದು ಇನ್ನೂ ನೇರವಾಗಿತ್ತು. ಬಿಳಿಯರಿಗೂ ಆಫ್ರಿಕ ಮೂಲದವರಿಗೂ ಮಾರಲೆಂದು ಮನೆಗಳನ್ನು ಕಟ್ಟತೊಡಗಿದ್ದ ನೆಲವನ್ನು ಉದ್ಯಾನಕ್ಕೆ ಬೇಕೆಂದು ಊರವರು ಮತ ಹಾಕಿ ವಶಪಡಿಸಿಕೊಂಡರು. ೧೯೬೫ರ ಜುಲೈ ೨೫ರಂದು ವಿನೆಟ್ಕಾದ ಹಸುರು ಬಯಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗರು ಸಾವಿರಾರು ಜನರ ಮುಂದೆ ನಿಂತು ಮಾತನಾಡಿದುದು ಇಂತಹ ಗೆರೆಗಳ ವಿಷಯವನ್ನೇ.

ಒಬ್ಬ ರಸಾಯನ ವಿಜ್ಞಾನಿಯ ಮನೆ

ಹಣವಿದ್ದವನು ಎಲ್ಲಿ ಬೇಕಾದರೂ ಇರಬಹುದಲ್ಲ, ಇದರಲ್ಲಿ ಅನ್ಯಾಯವೇನು ಎಂದು ಕೇಳುವವರುಂಟು. ಅವರಿಗೆ ಪರ್ಸಿ ಜೂಲಿಯನ್ನರ ಕಥೆಯೇ ಉತ್ತರ. ೧೮೯೯ರಲ್ಲಿ ಅಲಬಾಮಾದಲ್ಲಿ ಹುಟ್ಟಿದ ಇವರು ಆಫ್ರಿಕ ಮೂಲದ ಅಮೆರಿಕನರು. ೧೯೩೧ರಲ್ಲಿ ವಿಯೆನ್ನಾದಲ್ಲಿ ಡಾಕ್ಟರೇಟ್ ಪಡೆದವರು. ಕಣ್ಣಿನ ಗ್ಲಾಕೋಮ ರೋಗಕ್ಕೆ ಬಳಸುತ್ತಿದ್ದ ಫೈಸೊಸ್ಟಿಗ್ಮೀನ್ ಎಂಬ ಔಷಧವನ್ನು ೧೯೩೫ರಲ್ಲಿ ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿದರು. ಬಳಿಕ ಷಿಕಾಗೊವಿನ ಒಂದು ಕಾರ್ಖಾನೆಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿ, ಸೋಯಾ ಅವರೆಯಿಂದ ಹಾರ್ಮೋನುಗಳನ್ನು ಹೇರಳವಾಗಿ ತಯಾರಿಸುವ ಮಾರ್ಗವನ್ನು ಕಂಡುಹಿಡಿದರು. ಕೀರ್ತಿಯೂ ಬಂದಿತು, ಹಣವೂ ಬಂದಿತು.

೧೯೫೦ರಲ್ಲಿ ಜೂಲಿಯನ್ನರು ಷಿಕಾಗೊವಿನ ಪಶ್ಚಿಮಕ್ಕಿರುವ ಓಕ್ ಪಾರ್ಕ್ ಎಂಬ ಅನುಕೂಲವಂತರ ಉಪನಗರದಲ್ಲಿ ಮನೆಯನ್ನು ಕೊಂಡರು. ಒಕ್ಕಲು ಬರುವ ಮುನ್ನವೇ, ಆ ವರ್ಷದ ನವೆಂಬರಿನಲ್ಲಿ, ಯಾರೋ ಅದಕ್ಕೆ ಬೆಂಕಿ ಹಚ್ಚಲು ಯತ್ನಿಸಿದರು. ಮರುವರ್ಷ ಜೂನ್‌ನಲ್ಲಿ, ಮಕ್ಕಳಿಬ್ಬರೂ ಒಳಗಿದ್ದಾಗಲೇ, ಮನೆಯ ಮೇಲೆ ಡೈನಮೈಟನ್ನು ಎಸೆದರು. ಮಕ್ಕಳಿಗೆ ಅಪಾಯವಾಗಲಿಲ್ಲ. ಕುಟುಂಬವು ಊರು ಬಿಡಲಿಲ್ಲ. ಊರಿನಲ್ಲಿಯೇ ಅವರ ಪರವಾಗಿ ನಿಂತವರೂ ಇದ್ದರು. ೧೯೬೮ರಲ್ಲಿ ಓಕ್ ಪಾರ್ಕ್ ತಾನಾಗಿಯೇ ವಸತಿಯಲ್ಲಿ ಭೇದವನ್ನು ನಿಷೇಧಿಸಿತು. ಇಂದು ಅಲ್ಲಿಯ ಮಾಧ್ಯಮಿಕ ಶಾಲೆಯೊಂದಕ್ಕೆ ಜೂಲಿಯನ್ನರ ಹೆಸರಿದೆ. ಆದರೆ ೧೯೫೦ರಲ್ಲಿ ಮನೆಯ ಬೆಲೆಯನ್ನು ಪೂರ್ತಿಯಾಗಿ ತೆತ್ತ ಮನುಷ್ಯನಿಗೂ ಗೆರೆಯನ್ನು ದಾಟುವುದು ಸುಲಭವಾಗಿರಲಿಲ್ಲವೆಂಬುದನ್ನು ಮರೆಯಲಾಗದು.

ಗೆರೆಯೊಳಗಿನ ಶಾಲೆ

ಹಳೆಯ ಷರತ್ತುಗಳು ಅಳಿದ ಮೇಲೂ ಗೆರೆಯ ಶಕ್ತಿ ಕುಂದದಿರುವುದಕ್ಕೆ ಕಾರಣವೊಂದುಂಟು. ಇಲಿನಾಯ್ ರಾಜ್ಯದಲ್ಲಿ ಶಾಲೆಗಳ ವೆಚ್ಚದ ಬಹುಭಾಗವು ಆಯಾ ಪ್ರದೇಶದ ಮನೆಮಠಗಳ ಮೇಲಣ ತೆರಿಗೆಯಿಂದ ಬರುತ್ತದೆ. ಕಲ್ಪನೆಗಾಗಿ ಎರಡು ಊರುಗಳನ್ನು ತೆಗೆದುಕೊಳ್ಳೋಣ. ಎರಡರಲ್ಲಿಯೂ ಸಾವಿರ ಮಕ್ಕಳು ಶಾಲೆಗೆ ಹೋಗುತ್ತಾರೆ. ಮೊದಲನೆಯ ಊರಿನ ಮನೆಗಳ ಒಟ್ಟು ಬೆಲೆ ನೂರು ಕೋಟಿ ಡಾಲರು. ಎರಡನೆಯದರ ಬೆಲೆ ಹತ್ತು ಕೋಟಿ. ಮೊದಲನೆಯ ಊರು ನೂರಕ್ಕೆ ಒಂದರಂತೆ ತೆರಿಗೆ ಹಾಕಿದರೆ ಒಂದೊಂದು ಮಗುವಿಗೆ ಹತ್ತು ಸಾವಿರ ಡಾಲರು ದೊರೆಯುತ್ತದೆ. ಎರಡನೆಯದು ನೂರಕ್ಕೆ ಮೂರರಂತೆ ಹಾಕಿದರೂ ದೊರೆಯುವುದು ಮೂರೇ ಸಾವಿರ. ಹೆಚ್ಚಿನ ದರವನ್ನು ತೆರುವವರು ಬಡವರು. ಹೆಚ್ಚಿನ ಫಲವನ್ನು ಪಡೆಯುವವರು ಸಿರಿವಂತರು!

ಇಷ್ಟಕ್ಕೇ ನಿಲ್ಲುವುದಿಲ್ಲ. ಒಳ್ಳೆಯ ಶಾಲೆಯಿರುವ ಊರಿನಲ್ಲಿ ಮನೆಗೆ ಗಿರಾಕಿಗಳು ಹೆಚ್ಚು, ಬೆಲೆ ಏರುತ್ತದೆ, ತೆರಿಗೆಯ ಬುನಾದಿ ಇನ್ನಷ್ಟು ಬಲಿಯುತ್ತದೆ. ಇನ್ನೊಂದು ಊರಿನಲ್ಲಿ ತೆರಿಗೆಯ ದರಕ್ಕೆ ಅಂಜಿ ಜನ ಬರುವುದಿಲ್ಲ, ಬೆಲೆ ಇಳಿಯುತ್ತದೆ, ದರವನ್ನು ಮತ್ತೆ ಏರಿಸಬೇಕಾಗುತ್ತದೆ. ಧ್ವನಿವರ್ಧಕದ ಸದ್ದು ಮೈಕಿಗೆ ಹಿಂದಿರುಗಿ ಬಿದ್ದರೆ ಸಣ್ಣ ದನಿಯೂ ಕ್ಷಣದಲ್ಲಿ ಕಿರುಚಾಟವಾಗುವುದನ್ನು ಸಭೆಗಳಲ್ಲಿ ಕೇಳಿದ್ದೇವೆ. ಈ ವ್ಯವಸ್ಥೆಯ ಕೆಲಸವೂ ಅಂತಹುದೇ: ಇದ್ದ ಅಂತರವನ್ನು ತಾನೇ ಹಿಗ್ಗಿಸುತ್ತದೆ. ೨೦೧೭ರಲ್ಲಿ ಇಲಿನಾಯ್ ಶಾಸನಸಭೆಯು, ರಾಜ್ಯವು ಹೊಸದಾಗಿ ಕೊಡುವ ಹಣವು ಕೊರತೆ ಹೆಚ್ಚಾಗಿರುವ ಶಾಲೆಗಳಿಗೆ ಮೊದಲು ಸಲ್ಲಬೇಕೆಂದು ಕಾಯಿದೆ ಮಾಡಿದುದು ಈ ಕಿರುಚನ್ನು ತಗ್ಗಿಸಲೆಂದೇ.

ಕೆನಿಲ್‌ವರ್ತ್ ಇರುವುದು ಕುಕ್ ಕೌಂಟಿಯಲ್ಲಿ. ಅದೇ ಕೌಂಟಿಯ ದಕ್ಷಿಣ ತುದಿಯಲ್ಲಿ ಫೋರ್ಡ್ ಹೈಟ್ಸ್ ಎಂಬ ಇನ್ನೊಂದು ಗ್ರಾಮವಿದೆ. ಅದೂ ಚಿಕ್ಕದು, ಅಲ್ಲಿರುವವರು ಎರಡು ಸಾವಿರಕ್ಕೂ ಕಡಮೆ ಜನ. ದೇಶದ ಅತ್ಯಂತ ಬಡ ಉಪನಗರಗಳಲ್ಲಿ ಒಂದೆಂದು ಅದಕ್ಕೆ ಬಹುಕಾಲದಿಂದ ಹೆಸರಾಗಿದೆ. ಪಟ್ಟಿಯ ಎರಡು ತುದಿಗಳಲ್ಲಿಯೂ ಸಣ್ಣ ಊರುಗಳೇ ನಿಂತಿರುವುದು ಆಕಸ್ಮಿಕವಲ್ಲ. ಸಿರಿಯ ಸುತ್ತ ಬಿಗಿಯಾಗಿ ಗೆರೆ ಎಳೆದಾಗ ಒಂದು ತುದಿ ಹುಟ್ಟುತ್ತದೆ. ಗೆರೆಯಾಚೆ ಉಳಿದವರನ್ನು ಬೇರೆ ಬೇರೆ ಗೆರೆಗಳೊಳಗೆ ಕೂಡಿದಾಗ ಇನ್ನೊಂದು ತುದಿ ಹುಟ್ಟುತ್ತದೆ.

ಅತ್ಯಂತ ಸಿರಿವಂತ ಉಪನಗರ ಯಾವುದೆಂಬ ಪ್ರಶ್ನೆಗೆ ಗಣತಿಯ ಪಟ್ಟಿಯು ಹೇಳಬಲ್ಲುದು ಸ್ವಲ್ಪ. ಮುಳ್ಳು ಕೊನೆಮುಟ್ಟಿರುವಲ್ಲಿ ಮೊದಲನೆಯದಾವುದು, ಎರಡನೆಯದಾವುದು ಎಂದು ನಿರ್ಣಯಿಸುವುದು ಅಸಾಧ್ಯ. ಆದರೆ ಮಾಪಕವನ್ನು ಓದುವ ಮೊದಲು ಅದನ್ನು ಎಲ್ಲಿಗೆ ಜೋಡಿಸಿದೆಯೆಂದು ನೋಡಬೇಕೆಂಬುದು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಾವು ಕಲಿಸುವ ಮೊದಲನೆಯ ಪಾಠ. ಊರುಗಳ ಸಿರಿಯನ್ನು ಓದುವಾಗಲೂ ಆ ಪಾಠವು ಸಲ್ಲುತ್ತದೆ.