ಯಂತ್ರದ ಉಸಿರು, ಮನೆಯವರ ಸಹಿ

“ಹಕೀಮ್ ಸಾಬ್, ಅಬ್ಬಾ ಯಂತ್ರದ ಮ್ಯಾಲ ಇದ್ದಾರ. ತೆಗಿಸಿದ್ರ ನಾವೇ ಕೊಂದಂಗ ಆಗ್ತದೇನ್ರಿ?”

ಕಲಬುರಗಿಯ ಆಸ್ಪತ್ರೆಯೊಂದರಿಂದ ನಡುರಾತ್ರಿ ಬಂದ ಫೋನ್ ಇದು. ನಾನು ಕಾಳಗಿಯ ಯುನಾನಿ ವೈದ್ಯ, ವೆಂಟಿಲೇಟರ್ ನಡೆಸುವವನಲ್ಲ. ಆದರೂ ಇಂಥ ಹೊತ್ತಿನಲ್ಲಿ ಜನ ಪರಿಚಯದ ಹಕೀಮನನ್ನೇ ಕೇಳುತ್ತಾರೆ. ಮೂವರು ಗಂಡುಮಕ್ಕಳು. ದುಬೈಯಲ್ಲಿದ್ದವನು ತಾನು ಬರುವ ತನಕ ಏನೂ ತೆಗೆಯಬೇಡಿ ಎನ್ನುತ್ತಿದ್ದ, ಇನ್ನೊಬ್ಬ ಪ್ಲಾಟ್ ಮಾರಲು ಹೊರಟಿದ್ದ, ಫೋನ್ ಮಾಡಿದವನಿಗೆ ಪಾಪದ ಭಯ. ಅಬ್ಬಾಗೆ ಏನು ಬೇಕಾಗಿತ್ತೆಂದು ಅವರು ಮಾತಾಡುವಾಗ ಯಾರೂ ಕೇಳಿರಲಿಲ್ಲ.

ನಮ್ಮ ಕಡೆ ಇದು ಮುಗಿಯುವ ರೀತಿ ನಿಮಗೂ ಗೊತ್ತು. ದುಡ್ಡು ತೀರಿದ ದಿನ ‘ಸ್ವಂತ ಜವಾಬ್ದಾರಿ’ಯ ಕಾಗದಕ್ಕೆ ಸಹಿ ಹಾಕಿ ಆಂಬುಲೆನ್ಸ್ ಹತ್ತಿಸುತ್ತೇವೆ. ನೋವಿಗೆ ಔಷಧವಿಲ್ಲದೆ ದಾರಿಯಲ್ಲೇ ಉಸಿರು ನಿಲ್ಲುತ್ತದೆ. ಸಹಿ ಹಾಕಿದ ಮಗ ವರ್ಷಗಟ್ಟಲೆ ತಲೆ ತಗ್ಗಿಸಿ ನಡೆಯುತ್ತಾನೆ. ಹೀಗೆ ಕದ್ದುಮುಚ್ಚಿ ಮಾಡಬೇಕಾದ ಅಗತ್ಯ ಈಗಿಲ್ಲ.

ಈ ಕಾನೂನಿನ ಹಿಂದೆ ನಮ್ಮ ರಾಜ್ಯದ ಹೆಣ್ಣುಮಗಳೊಬ್ಬಳ ನೋವಿದೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ವಾರ್ಡ್ ಬಾಯ್ ಒಬ್ಬ ಅವರ ಕುತ್ತಿಗೆ ಬಿಗಿದು ಅತ್ಯಾಚಾರ ಎಸಗಿದ. ಮಿದುಳಿಗೆ ಆಮ್ಲಜನಕ ತಪ್ಪಿ ಅವರು ಮತ್ತೆ ಮೊದಲಿನಂತಾಗಲಿಲ್ಲ. ಆದರೆ ಉಸಿರು ಅವರದೇ ಆಗಿತ್ತು, ಯಂತ್ರದ್ದಲ್ಲ. ಅದೇ ಆಸ್ಪತ್ರೆಯ ನರ್ಸ್‌ಗಳು ಉಣ್ಣಿಸಿ, ತೊಳೆದು, ಮಗ್ಗುಲು ಬದಲಿಸಿ ನೋಡಿಕೊಂಡರು. ಅರುಣಾರ ಊಟ ನಿಲ್ಲಿಸಲು ಅನುಮತಿ ಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ್ದ ಅರ್ಜಿಯನ್ನು 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅದೇ ತೀರ್ಪಿನಲ್ಲಿ, ಗುಣವಾಗದ ರೋಗಿಯ ಜೀವಾಧಾರ ಚಿಕಿತ್ಸೆ ನಿಲ್ಲಿಸಲು ಹೈಕೋರ್ಟ್ ಅನುಮತಿಯ ಮೂಲಕ ಬಾಗಿಲನ್ನೂ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಸುಮಾರು 42 ವರ್ಷ ಹಾಸಿಗೆ ಹಿಡಿದಿದ್ದರೂ ಅವರಿಗೆ ಬೆನ್ನುಹುಣ್ಣು ಆಗಿರಲಿಲ್ಲ ಎಂಬುದನ್ನು ವೈದ್ಯನಾಗಿ ನಾನು ಮರೆಯಲಾರೆ.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದಿತು. ನಿಯಮಗಳು ಜಟಿಲವಾಗಿದ್ದವು, 2023ರ ಜನವರಿಯಲ್ಲಿ ಸಡಿಲಗೊಂಡವು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರಲು ಆದೇಶ ಹೊರಡಿಸಿತು. ಈಗ ಮೊದಲು ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಇನ್ನಿಬ್ಬರು ತಜ್ಞರೂ ಸೇರಿ ನೋಡುತ್ತಾರೆ. ಬಳಿಕ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೇ ಮಂಡಳಿ ನೋಡುತ್ತದೆ. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಮಾತ್ರ ಇಂದಿಗೂ ಅಪರಾಧ.

ಶರೀಅತ್ ಕೂಡ ಅಂಥ ಚುಚ್ಚುಮದ್ದನ್ನು ಕೊಲೆಯೆಂದೇ ಕಾಣುತ್ತದೆ. ಯಂತ್ರ ತೆಗೆಯುವುದು ಬೇರೆ ಮಾತು. ಇಸ್ಲಾಮಿಕ್ ಸಹಕಾರ ಸಂಘಟನೆಯ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿ, ಮಿದುಳಿನ ಎಲ್ಲ ಕೆಲಸ ಮರಳಿ ಬಾರದಂತೆ ನಿಂತಿದೆಯೆಂದು ತಜ್ಞರು ಹೇಳಿದರೆ, ಯಂತ್ರದ ಬಲದಿಂದ ಹೃದಯ ಬಡಿಯುತ್ತಿದ್ದರೂ ಅದನ್ನು ತೆಗೆಯಬಹುದೆಂದು ನಿರ್ಣಯಿಸಿತು. ಮಿದುಳು ಪೂರ್ತಿ ಸಾಯದೆ ಆಸೆಯಷ್ಟೇ ಬಿಟ್ಟ ರೋಗಿಯ ವಿಷಯದಲ್ಲಿ ಉಲಮಾಗಳಲ್ಲಿ ಅಭಿಪ್ರಾಯಭೇದವಿದೆ. ಅನ್ನ-ನೀರು ನಿಲ್ಲಿಸುವುದನ್ನು ಅನೇಕರು ಒಪ್ಪುವುದೇ ಇಲ್ಲ. ಆದ್ದರಿಂದ ಡಾಕ್ಟರರಿಂದ ರೋಗಿಯ ಸ್ಥಿತಿ ಬರೆಸಿಕೊಂಡೇ ಮುಫ್ತಿಯವರ ಬಳಿ ಹೋಗಿ, ಬರೀ ಬಾಯಿಮಾತಿನಲ್ಲಿ ಕೇಳಬೇಡಿ. ಮೂರ್ಛೆರೋಗದ ಮಹಿಳೆಯೊಬ್ಬರಿಗೆ ಪ್ರವಾದಿವರ್ಯರು(ಸ) ಗುಣವಾಗುವ ದುಆ ಅಥವಾ ಸಹನೆ, ಎರಡರಲ್ಲಿ ಒಂದನ್ನು ಆರಿಸಲು ಬಿಟ್ಟದ್ದು, ಆಕೆ ಸಹನೆಯನ್ನು ಆರಿಸಿದ್ದು ಬುಖಾರಿಯಲ್ಲಿದೆ. ಫಲ ಖಚಿತವಿಲ್ಲದ ಚಿಕಿತ್ಸೆ ಕಡ್ಡಾಯವಲ್ಲ ಎನ್ನುವ ಉಲಮಾಗಳು ಈ ಹದೀಸನ್ನು ಮುಂದಿಡುತ್ತಾರೆ. ನಮ್ಮ ತಿಬ್ಬ್‌ನಲ್ಲೂ ಹಕೀಮ ಶರೀರದ ತಬೀಅತ್‌ಗೆ ನೆರವಾಗುವವನಷ್ಟೆ. ತಬೀಅತ್ತೇ ಹೋದ ಮೇಲೆ ಔಷಧ ನೆರವಾಗುವುದು ಯಾರಿಗೆ?

ಯಂತ್ರ ತೆಗೆದರೂ ಆರೈಕೆ ನಿಲ್ಲಿಸುವಂತಿಲ್ಲ. ನೋವು, ಉಬ್ಬಸಕ್ಕೆ ಔಷಧ ಕೊಡಿರೆಂದು ಡಾಕ್ಟರರನ್ನು ಕೇಳಿರಿ, ಅದು ನಿಮ್ಮ ಹಕ್ಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಒದ್ದೆ ಹಾಸಿಗೆಬಟ್ಟೆ ಕೂಡಲೇ ತೆಗೆಯಿರಿ, ಬಾಯಿಯನ್ನು ಒದ್ದೆ ಅರಳೆಯಿಂದ ಒರೆಸಿರಿ. ಒಂದು ವಿಷಯ ಒತ್ತಿ ಹೇಳುತ್ತೇನೆ: ಪ್ರಜ್ಞೆಯಿಲ್ಲದವರ ಬಾಯಿಗೆ ಚಮಚದಿಂದ ಝಮ್‌ಝಮ್, ಜೇನು ಹಾಕಬೇಡಿ. ಪ್ರೀತಿಯಿಂದಲೇ ಹಾಕುತ್ತೀರಿ, ಆದರೆ ಅದು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ. ಅರಳೆ ಅದ್ದಿ ತುಟಿಗೆ ಮುಟ್ಟಿಸಿದರೆ ಸಾಕು. ಪಕ್ಕದಲ್ಲಿ ಕಲಿಮಾ ಮೆಲ್ಲಗೆ ಹೇಳಿರಿ, ಹೇಳು ಹೇಳು ಎಂದು ಒತ್ತಾಯಿಸಬೇಡಿ.

ಇನ್ನು ಮುಂಚಿತ ಕಾಗದದ ಮಾತು. 18 ದಾಟಿದ, ಸ್ವಸ್ಥ ಮನಸ್ಸಿನ ಯಾರೇ ಆಗಲಿ, ಇಂಥ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತಮ್ಮ ಪರವಾಗಿ ಯಾರು ನಿರ್ಧರಿಸಬೇಕು ಎಂದು ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರಾಯಿತು. ಮನಸ್ಸು ಬದಲಾದರೆ ರದ್ದು ಮಾಡಲೂಬಹುದು.

ಆ ಫೋನ್ ಬಂದ ವಾರ ನಾನು ನನ್ನ ಅಮ್ಮೀಗೆ ಈ ವಿಷಯ ಕೇಳಿದೆ. “ನನ್ನ ಸಾವು ನೋಡ್ಲಿಕ್ಕ ಅವಸರ ಆಗ್ಯಾದೇನು?” ಎಂದು ಸಿಟ್ಟಾದರು. ಎರಡು ದಿನ ಬಿಟ್ಟು, ರೊಟ್ಟಿ ಬಡಿಯುತ್ತಾ ತಾವೇ ಹೇಳಿದರು: “ಆಸೆ ಇರೋ ತನಕ ದವಾಖಾನ್ಯಾಗ ಇಡ್ರಿ. ಆಸೆ ಇಲ್ಲ ಅಂದ್ರ ಮನಿಗಿ ಕರ್ಕೊಂಡ್ ಬರ್ರಿ. ತಮ್ಮನ ಜೋಡಿ ಜಗಳ ಆಡಬ್ಯಾಡ.” ಅದನ್ನು ಕಾಗದಕ್ಕೆ ಇಳಿಸುವುದು ಇನ್ನೂ ಬಾಕಿಯಿದೆ.