ಚುಚ್ಚಿದ ತೋಳು ಊದುವುದೇಕೆ?

ಪ್ರಶ್ನೆ: ಮುಂಬಯಿಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ರೋಗನಿರೋಧಕ ಶಕ್ತಿಯ ಪಾಠ ತಲೆಗೆ ಹತ್ತುತ್ತಿಲ್ಲ. ಲಸಿಕೆ ಹಾಕಿದ ಜಾಗ ಕೆಂಪಾಗಿ ಊದುವುದೇಕೆ?

ಉತ್ತರ: ನಿಮ್ಮೂರಿನ ಬೈಕುಲಾದಿಂದಲೇ ಶುರುಮಾಡೋಣ. 1897ರ ಜನವರಿ 10ರಂದು ಅಲ್ಲಿನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ವಾಲ್ಡೆಮಾರ್ ಹಾಫ್ಕಿನ್ ತಾವೇ ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು, ಚುಚ್ಚಿದ ಜಾಗ ನೋಯಿತು. ಎಂಥ ಧೈರ್ಯ! ಲಸಿಕೆಯಲ್ಲಿದ್ದದ್ದು ಕಾಯಿಸಿ ಕೊಂದ ರೋಗಾಣುಗಳು. ಆದರೂ ದೇಹಕ್ಕೆ ಅವು ಹೊರಗಿನವೇ. ಅಪಾಯ ಗ್ರಹಿಸಿದ ಅಂಗಾಂಶ ಹಿಸ್ಟಮಿನ್‌ನಂಥ ರಾಸಾಯನಿಕಗಳನ್ನು ಬಿಡುತ್ತದೆ. ರಕ್ತನಾಳ ಹಿಗ್ಗಿ ರಕ್ತ ನುಗ್ಗುತ್ತದೆ: ಕೆಂಪು, ಬಿಸಿ. ನಾಳದ ಗೋಡೆ ಸಡಿಲಗೊಂಡು ದ್ರವ ಸೋರುತ್ತದೆ: ಊತ. ನರಗಳು ಕೆರಳುತ್ತವೆ: ನೋವು. ಅದೇ ಸಡಿಲ ಗೋಡೆಯ ಸಂದಿನಿಂದ ಬಿಳಿ ರಕ್ತಕಣಗಳು ನುಸುಳಿ ಬಂದು ಹೊರಗಿನದ್ದನ್ನು ನುಂಗುತ್ತವೆ. ಈ ನುಂಗುವಿಕೆಯನ್ನು ಜಗತ್ತಿಗೆ ತೋರಿಸಿಕೊಟ್ಟ ಮೆಚ್ನಿಕಾಫ್, ಹಾಫ್ಕಿನ್ ಅವರ ಗುರು.