ಹೊಳೆಯುವ ಖಾಲಿ ತೋಟಾಗಳೆಲ್ಲ ಮತ್ತೆ ತುಂಬಲು ಯೋಗ್ಯವಲ್ಲ

ಪ್ರತಿವರ್ಷ ಸೆಪ್ಟೆಂಬರ್ 3ರಂದು ಕೊಡಗಿನಲ್ಲಿ ಕೈಲ್‌ಪೊಳ್ದ್. ಅಂದು ಕೋವಿಗೆ ‘ತೋಕ್ ಪೂ’ ಮುಡಿಸಿ ಪೂಜಿಸುವ ಸಂಪ್ರದಾಯವನ್ನು ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮ ಕೊಡವ ಬಾಂಧವರೂ ಮರೆತಿಲ್ಲ. ಕೊಡವರಿರಲಿ, ಸೇನೆಯಿಂದ ನಿವೃತ್ತರಾದ ಇತರ ಕನ್ನಡಿಗರಿರಲಿ, ಕೆಲವರ ಮನೆಯ ಶೋಕೇಸಿನಲ್ಲಿ ಹಿತ್ತಾಳೆಯ ಒಂದೆರಡು ಖಾಲಿ ತೋಟಾಗಳು ನೆನಪಿಗಾಗಿ ಇರುವುದುಂಟು. ಅವನ್ನು ಕಂಡವರು ಸಹಜವಾಗಿ ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಮತ್ತೆ ಮದ್ದು ತುಂಬಬಹುದೇ?

ರೈಫಲ್ ತೋಟಾದಲ್ಲಿ ನಾಲ್ಕು ಭಾಗಗಳಿವೆ. ಗುಂಡು, ಮದ್ದು, ಬುಡದಲ್ಲಿರುವ ಕೇಪು, ಇವೆಲ್ಲವನ್ನು ಹಿಡಿದಿಡುವ ಚಿಪ್ಪು. ಈಡು ಹೊಡೆದ ಮೇಲೆ ಉಳಿಯುವುದು ಚಿಪ್ಪು ಮಾತ್ರ. ತೋಟಾದ ಬೆಲೆಯಲ್ಲಿ ಅದರದೇ ದೊಡ್ಡ ಪಾಲು. ಆದುದರಿಂದಲೇ ಅಮೆರಿಕದಂತಹ ದೇಶಗಳಲ್ಲಿ ಗುರಿಕಾರರು ಅದನ್ನು ಹೆಕ್ಕಿ ತಂದು ಮತ್ತೆ ಬಳಸುತ್ತಾರೆ. ಆದರೆ ಹೆಕ್ಕಿದ್ದೆಲ್ಲವೂ ಕೆಲಸಕ್ಕೆ ಬಾರದು.

ಮೊದಲು ಬುಡವನ್ನು ನೋಡಬೇಕು. ಎನ್‌ಸಿಸಿ ಶಿಬಿರಗಳಲ್ಲಿ ನಮ್ಮ ಮಕ್ಕಳು ಹಾರಿಸುವ .22 ತೋಟಾದ ಬುಡದ ನಡುವೆ ಕೇಪು ಇರುವುದಿಲ್ಲ. ಸಿಡಿಯುವ ಮದ್ದು ಅಂಚಿನ ಟೊಳ್ಳಿನೊಳಗಿದ್ದು, ಪೆಟ್ಟಿನ ಗುರುತು ಅಂಚಿಗೇ ಬಿದ್ದಿರುತ್ತದೆ. ಇದು ಒಮ್ಮೆ ಹಾರಿಸಿದರೆ ಮುಗಿಯಿತು. ಬುಡದ ನಡುವೆ ದುಂಡನೆಯ ಕೇಪು ಇದ್ದರೆ ಮಾತ್ರ ಮುಂದಿನ ಪರೀಕ್ಷೆ.

ಎರಡನೆಯದು ಲೋಹ. ಹಿತ್ತಾಳೆಗೆ ಹಿಗ್ಗಿ ಮತ್ತೆ ಕುಗ್ಗುವ ಗುಣವಿದೆ. ಉಕ್ಕಿನ ಚಿಪ್ಪಿಗೆ ಹಿತ್ತಾಳೆ ಬಣ್ಣದ ಲೇಪ ಕೊಟ್ಟಿರುವುದೂ ಉಂಟು. ಅಯಸ್ಕಾಂತ ಹಿಡಿದರೆ ಗುಟ್ಟು ರಟ್ಟಾಗುತ್ತದೆ. ಉಕ್ಕು, ಅಲ್ಯೂಮಿನಿಯಂ ಚಿಪ್ಪುಗಳನ್ನು ಅನುಭವಿಗಳು ಬದಿಗಿಡುತ್ತಾರೆ.

ಮೂರನೆಯದು ಒಳಗಿನ ತೂತು. ಬಾಯಿಂದ ಟಾರ್ಚ್ ಬಿಟ್ಟು ನೋಡಿದಾಗ ತಳದ ನಡುವೆ ಒಂದೇ ತೂತು ಕಂಡರೆ ಅದು ಬಾಕ್ಸರ್ ಮಾದರಿ. ಹಳೆಯ ಕೇಪನ್ನು ಸೂಜಿಯಿಂದ ಸುಲಭವಾಗಿ ತಳ್ಳಿ ತೆಗೆಯಬಹುದು. ಎರಡು ಸಣ್ಣ ತೂತುಗಳಿದ್ದರೆ ಬರ್ಡನ್ ಮಾದರಿ. ಇದರಲ್ಲಿ ಕೇಪು ತೆಗೆಯುವುದೇ ಕಷ್ಟ, ಹೊಸ ಕೇಪು ಸಿಗುವುದೂ ಅಪರೂಪ. ಎಡ್ವರ್ಡ್ ಬಾಕ್ಸರ್ ಬ್ರಿಟಿಷ್ ಸೇನಾಧಿಕಾರಿ, ಹಿರಾಮ್ ಬರ್ಡನ್ ಅಮೆರಿಕದವರು. ಇಬ್ಬರ ಮಾದರಿಗಳೂ 1860ರ ದಶಕದವು. ಆದರೆ ಅಮೆರಿಕ ಬಾಕ್ಸರ್ ಮಾದರಿಯನ್ನು ಒಪ್ಪಿಕೊಂಡರೆ, ಬ್ರಿಟಿಷ್ ಸೇನೆಯ .303 ತೋಟಾಗಳಿಗೆ ಬರ್ಡನ್ ಮಾದರಿ ಬಂತು.

ಪುಣೆಯ ಕನ್ನಡಿಗರಿಗೆ ಇದು ದೂರದ ಮಾತಲ್ಲ. 1869ರಲ್ಲಿ ಸ್ಥಾಪನೆಯಾದ ಖಡ್ಕಿ ಮದ್ದುಗುಂಡು ಕಾರ್ಖಾನೆಯ ಹಳೆಯ .303 ತೋಟಾಗಳ ಬುಡದಲ್ಲಿ ‘ಕೆ.ಎಫ್.’ ಎಂಬರ್ಥದ ಇಂಗ್ಲಿಷ್ ಅಕ್ಷರಗಳೂ ವರ್ಷದ ಅಂಕೆಗಳೂ ಇರುತ್ತವೆ. ಅವು ಬರ್ಡನ್ ಮಾದರಿಯವು. ಶೋಕೇಸಿಗೆ ಚೆಂದ, ಮತ್ತೆ ತುಂಬಲು ಅಲ್ಲ.

ಕೊನೆಯದಾಗಿ ದೋಷಗಳು. ಬಾಯಿಯ ಅಥವಾ ಕುತ್ತಿಗೆಯ ಬಳಿ ಕೂದಲೆಳೆಯ ಬಿರುಕು, ಹಸಿರು ಕಿಲುಬು ತಿಂದ ಗುಳಿ, ಸಡಿಲವಾದ ಕೇಪಿನ ಗೂಡು ಇದ್ದರೆ ಆ ಚಿಪ್ಪು ಗುಜರಿಗೆ. ಎಲ್ಲಕ್ಕಿಂತ ಅಪಾಯದ ಗುರುತೆಂದರೆ ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಕಾಣುವ ಹೊಳಪಿನ ಗೆರೆ. ಅಲ್ಲಿ ಹಿತ್ತಾಳೆ ಎಳೆದು ತೆಳುವಾಗಿದೆ ಎಂದರ್ಥ. .303 ಚಿಪ್ಪುಗಳಲ್ಲಿ ಈ ದೋಷ ಹೆಚ್ಚು. ಹೊರಗೆ ಕಾಣದಿದ್ದರೂ ತುದಿ ಬಾಗಿಸಿದ ತಂತಿಯನ್ನು ಒಳಗೆ ಎಳೆದಾಗ ತೋಡು ಕೈಗೆ ಸಿಗುತ್ತದೆ. ಹಿಂದಿನ ಕಾಲದ ಕೆಲವು ಕೇಪುಗಳಲ್ಲಿದ್ದ ಪಾದರಸ ಹಿತ್ತಾಳೆಯನ್ನು ಒಳಗಿಂದೊಳಗೇ ಪೆಡಸು ಮಾಡುತ್ತದೆ; ಅದು ಕಣ್ಣಿಗೆ ಕಾಣದು. ಮಸಿ ಹಿಡಿದು ಕಪ್ಪಾದ ಚಿಪ್ಪು ಗಟ್ಟಿಯಾಗಿರಬಹುದು, ಫಳಫಳ ಹೊಳೆಯುವುದು ಟೊಳ್ಳಾಗಿರಬಹುದು. ಈಡು ಹೊಡೆಯುವಾಗ ಒಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 3,000 ಪಟ್ಟು. ಚಿಪ್ಪು ಹರಿದರೆ ಬಿಸಿ ಅನಿಲ ಹಿಂದಕ್ಕೆ, ಗುರಿಯಿಟ್ಟವನ ಕಣ್ಣಿನತ್ತಲೇ ನುಗ್ಗೀತು.

ಇಷ್ಟೆಲ್ಲ ತಿಳಿದರೂ ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬಾರದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರ ತನಕ, ಮುಂದುವರಿಸಿದೆ ನಿಜ. ಆದರೆ ಆ ವಿನಾಯಿತಿ ಕೋವಿ ಹೊಂದುವುದಕ್ಕೆ. ಮದ್ದುಗುಂಡು ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪ್ರತ್ಯೇಕ ಪರವಾನಗಿ ಬೇಕು.

ಇನ್ನೊಂದು ಮಾತು. ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡು ಎಂದರೆ ಅದರ ಬಿಡಿಭಾಗಗಳೂ ಸೇರಿವೆ. ಊರಿಂದ ಬರುವಾಗ ನೆನಪಿಗೆಂದು ಚೀಲಕ್ಕೆ ಹಾಕಿಕೊಂಡ ಒಂದು ಚಿಪ್ಪು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೊಂದರೆ ತಂದೀತು. ಹಿರಿಯರು ಬಿಟ್ಟುಹೋದ ಡಬ್ಬಿಯಲ್ಲಿ ಗುಂಡು ಇನ್ನೂ ಕೂತಿರುವ ತೋಟಾ ಸಿಕ್ಕರೆ, ಕೇಪಿಗೆ ಪೆಟ್ಟು ಬಿದ್ದಿದ್ದರೂ ಅದು ಖಾಲಿಯಲ್ಲ. ಅದನ್ನು ತಟ್ಟಿ ನೋಡದೆ, ಬಿಚ್ಚಲು ಹೋಗದೆ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸುವುದೇ ಕ್ಷೇಮ.